ಸಣ್ಣಮಾದಯ್ಯನವರ ಇನ್ನೊಂದು ಸಲಹೆ

ಲೋಕದ ಸಜ್ಜನರೆಲ್ಲ ಬಲಗಾಲಿಟ್ಟು ಒಳಗೆ ಬರುವಲ್ಲಿ ಸಣ್ಣಮಾದಯ್ಯನವರು ಎಡಗಾಲಿಟ್ಟು ಬರುತ್ತಾರೆ. ಮದುವೆಮನೆಯಾಗಲಿ, ಆಸ್ಪತ್ರೆಯಾಗಲಿ, ಬ್ಯಾಂಕಾಗಲಿ, ಹೊಸ್ತಿಲ ಮುಂದೆ ಅರೆಕ್ಷಣ ನಿಂತು, ಎರಡೂ ಹಿಮ್ಮಡಿಗಳನ್ನು ಕೂಡಿಸಿ, ಎದೆಯನ್ನು ತುಸು ಮುಂದಕ್ಕೆ ತಂದು, ಎಡಗಾಲನ್ನೇ ಎತ್ತಿ ಒಳಗಿಡುತ್ತಾರೆ. ಇದರಲ್ಲಿ ಯಾರಿಗೂ ಕೇಡು ಬಯಸುವ ಉದ್ದೇಶವಿಲ್ಲ. ಮೈಸೂರಿನ ಬೀದಿಗಳಲ್ಲಿ ಒಂದು ಆಯುಷ್ಯದಷ್ಟು ಕಾಲ ಬ್ಯಾಂಡ್ ಸೆಟ್ಟಿನ ಮುಂದೆ ಮಾಸ್ತರರಾಗಿ ನಡೆದವರು ಅವರು. ಬ್ಯಾಂಡು ಹೊರಡುವುದು ಎಡಗಾಲಿನಿಂದ, ಅಷ್ಟೆ. ಮಗನ ಹೊಸಮನೆಯ ಪ್ರವೇಶದ ದಿನ ಅವರು ಹೀಗೆ ಒಳಗೆ ಕಾಲಿಟ್ಟದ್ದನ್ನು ಕಂಡು ಹೆಂಗಸರೆಲ್ಲ ಹೋ ಎಂದು ಕೂಗಿಕೊಂಡರಂತೆ. ಮಾಸ್ತರರು ಹೊರಗೆ ಹೋಗಿ, ಮತ್ತೆ ಹಿಮ್ಮಡಿ ಕೂಡಿಸಿ ನಿಂತು, ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಿರುವಂತೆಯೇ ಎರಡನೆಯ ಸಲವೂ ಎಡಗಾಲನ್ನೇ ಇಟ್ಟು ಬಂದರಂತೆ. ಅವರ ಹೆಂಡತಿ ಸೋಮಮ್ಮ ಈ ಕಥೆಯನ್ನು ಈಗಲೂ ಅರ್ಧ ಕೋಪದಲ್ಲಿ, ಅರ್ಧ ಹೆಮ್ಮೆಯಲ್ಲಿ ಹೇಳುತ್ತಾರೆ.

ಓಡಾಟಕ್ಕೆ ಅವರಿಗೆ ಟಿವಿಎಸ್ ಮೊಪೆಡ್ ಇದೆ. ಆದರೆ ಯಾರ ಮನೆಗೆ ಹೋದರೂ ಅದನ್ನು ಬೀದಿಯ ಮೂಲೆಯಲ್ಲೇ ನಿಲ್ಲಿಸಿ ಅಲ್ಲಿಂದ ನಡೆದು ಬರುತ್ತಾರೆ. ಗಾಡಿಯಿಂದ ಇಳಿದವನೇ ಮೆಟ್ಟಿಲು ಹತ್ತಿದರೆ ಅದು ಅವರ ಲೆಕ್ಕದಲ್ಲಿ ಬಂದಂತೆಯೇ ಅಲ್ಲ. ಮೈಮೇಲೆ ಮಾಸಿದ ಕೆಂಪು ಬ್ಯಾಂಡ್ ಕೋಟು. ಜರಿಪಟ್ಟಿಗಳನ್ನೆಲ್ಲ ಬಿಚ್ಚಿಸಿ ಹಿತ್ತಾಳೆಯ ಗುಂಡಿಗಳನ್ನು ಮಾತ್ರ ಉಳಿಸಿಕೊಂಡ ಆ ಕೋಟಿನ ಕತ್ತಿನ ಗುಂಡಿ ಬಿಚ್ಚಿದ್ದನ್ನು ನಡುಬೇಸಿಗೆಯಲ್ಲೂ ಯಾರೂ ಕಂಡವರಿರಲಿಲ್ಲ. “ಸೆಕೆಯಾಗಲ್ವೇ ಮಾಸ್ಟ್ರೇ?” ಎಂದು ನಾನೊಮ್ಮೆ ಕೇಳಿದ್ದೆ.

“ಏನಾರ ಕೇಳಕ್ ಹೋಗುವಾಗ ಕೋಟಿರ್ಬೇಕು ಸಾ. ಬರೀ ಅಂಗೀಲ್ ಕೇಳಿದ್ರೆ ಬೇಡ್ದಂಗಾಯ್ತದೆ,” ಎಂದರು. ಅಶೋಕಪುರಂನ ಅವರ ಮನೆಯ ನಡುಗೋಡೆಯ ಮೇಲೆ ನೀಲಿ ಕೋಟಿನ ಬಾಬಾಸಾಹೇಬರ ದೊಡ್ಡ ಪಟವಿದೆ. ಅದನ್ನು ನೋಡಿದ ಮೇಲೆ ನಾನು ಆ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ.

ನಾನು ಅವರನ್ನು ಕಂಡದ್ದು ಕುವೆಂಪುನಗರದಲ್ಲಿ, ಒಂದು ಮೆಡಿಕಲ್ ಸ್ಟೋರಿನ ಮೇಲಿನ ಮಹಡಿಯಲ್ಲಿ. ಅಲ್ಲಿ ಮಾನಸ ಎಂಬ ಹುಡುಗಿಯ ಪುಟ್ಟ ಕಚೇರಿಯಿದೆ. ಈಗ ಹಳೆಯ ಯಂತ್ರ, ಮಂಚ, ವಾದ್ಯ, ಗುಜರಿ ಎಲ್ಲವೂ ಹರಾಜಾಗುವುದು ಮೊಬೈಲಿನ ಒಳಗೆ. ಆದರೆ ಮುಗಿಯುವ ತನಕ ಅದನ್ನು ಹಿಡಿದು ಕೂರಲು ದುಡಿಯುವ ಜನಕ್ಕೆ ಪುರುಸೊತ್ತೆಲ್ಲಿ? ನಾನು ಇಷ್ಟರವರೆಗೆ ಹೋಗಬಲ್ಲೆ ಎಂದು ಮಿತಿಯನ್ನು ಹೇಳಿಟ್ಟರೆ ಸಾಕು, ನಮ್ಮ ಪರವಾಗಿ ಕಾದು ಕೂತು, ಬೇರೆಯವರು ಏರಿಸಿದಂತೆಲ್ಲ ತಾನೂ ತುಸುತುಸುವೇ ಏರಿಸುತ್ತ, ಮಿತಿ ಮುಟ್ಟಿದಾಗ ಸುಮ್ಮನಾಗುವ ಆ್ಯಪೊಂದನ್ನು ಅವಳು ಕಟ್ಟಿದ್ದಳು. ಹರಾಜಿನಲ್ಲಿ ಬೆಲೆ ಕೂಗುವುದರಿಂದ ಅದರ ಹೆಸರು ‘ಕೂಗು’. ಪತ್ರಿಕೆಯೊಂದರ ಕೆಲಸದಿಂದ ನಿವೃತ್ತನಾಗಿ ಮನೆಯಲ್ಲಿ ಎಲ್ಲರಿಗೂ ತೊಡಕಾಗಿದ್ದ ನನ್ನನ್ನು ಅದರ ಕನ್ನಡ ತಿದ್ದುವುದಕ್ಕೆಂದು ಕರೆದು ಒಂದು ಮೂಲೆಯ ಮೇಜು ಕೊಟ್ಟಿದ್ದಳು.

ಒಂದು ಬೆಳಿಗ್ಗೆ ಆ ಬಾಗಿಲಲ್ಲಿ ಹಿಮ್ಮಡಿಗಳ ಸದ್ದಾಯಿತು, ಎಡಗಾಲು ಒಳಗೆ ಬಂತು, ಹಿಂದೆಯೇ ಕೆಂಪು ಕೋಟು, ಬಾಯಿ ಸೀಳಿದ ಒಂದು ಕಾರ್ನೆಟ್ ಕಹಳೆ. ‘ಕೂಗು’ ಮೂಲಕ ಕೊಂಡ ವಾದ್ಯ. ಜಗಳಕ್ಕೇ ಬಂದಿದ್ದಾರೆಂದು ಮಾನಸ ಎದ್ದು ನಿಂತಳು.

“ಕೂತ್ಕೊ ಕಣಮ್ಮ, ತಪ್ಪು ನಿಂದಲ್ಲ. ಫೋಟೋ ನೋಡಿ ಮನಸೋತ್‌ಬುಟ್ಟೆ. ಕೂಗಕ್ ಮುಂಚೆ ಮಾರೋನ್ನ ಒಂದ್ ಮಾತ್ ಕೇಳೋ ಅಂಗಿದ್ರೆ ಈ ಸೀಳು ಗೊತ್ತಾಗ್ತಿತ್ತು. ಕೇಳಕ್ಕೆ ಅಂತ ಒಂದ್ ಗುಂಡಿ ಮಡಗು.”

“ನೋಡೋಣ ಮಾಸ್ಟ್ರೇ,” ಎಂದಳು ಮಾನಸ, ಎಲ್ಲರಿಗೂ ಹೇಳುವಂತೆ.

“ನೋಡೋಣ ಅನ್ಬೇಡ. ಆಯ್ತದೆ, ಆಗಲ್ಲ, ಈಗಾಗಲ್ಲ. ಮೂರ್ರಲ್ಲಿ ಒಂದ್ ಹೇಳು. ಯಾವ್ದಾದ್ರೂ ಸರಿ, ಎದ್ದೋಯ್ತೀನಿ.”

ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಸೇವೆ ಸವೆಸಿದವರು ಅವರು. ಬ್ಯಾಂಡು ಇದ್ದದ್ದು ರಜಾದಿನಗಳಿಗೆ, ಮದುವೆಯ ಕಾಲಕ್ಕೆ. ಕ್ಯಾಂಟೀನಿನ ಸಾರಿನಿಂದ ಹಿಡಿದು ಕೈಗವಸಿನವರೆಗೆ ಕೆಲಸಗಾರರು ಏನು ಕೇಳಿದರೂ ಮೇಲಿನವರ ಬಾಯಿಂದ ಬರುತ್ತಿದ್ದ ಉತ್ತರ ‘ನೋಡೋಣ’. ಆಗಲ್ಲ ಎಂದಿದ್ದರೆ ಜಗಳವಾಡಬಹುದಿತ್ತು, ಆಗುತ್ತೆ ಎಂದಿದ್ದರೆ ಕಾಯಬಹುದಿತ್ತು; ನೋಡೋಣ ಎಂದವನೊಡನೆ ಏನು ಮಾಡಲು ಸಾಧ್ಯ? ಆ ಒಂದು ಮಾತಿನ ಮೇಲೆ ಮಾಸ್ತರರಿಗೆ ಇದ್ದ ಹಗೆ ಇನ್ನಾವ ಮನುಷ್ಯನ ಮೇಲೂ ಇರಲಿಲ್ಲ. ಮಾನಸ ಉತ್ತರಿಸದೆ ತನ್ನ ಕೆಲಸಕ್ಕೆ ತಿರುಗಿದಳು. ಅವರು ಕಾರ್ನೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಮಧ್ಯಾಹ್ನವಾಯಿತು, ಕೆಳಗಿನ ಅಂಗಡಿಯವನು ಊಟಕ್ಕೆ ಬಾಗಿಲು ಹಾಕಿ ಮತ್ತೆ ತೆರೆದ, ಮಾಸ್ತರರು ಮಾತ್ರ ಕದಲಲಿಲ್ಲ. ಸಂಜೆ ಹೊತ್ತಿಗೆ ಮಾನಸಳೇ ಸೋತು ನಕ್ಕು, “ಆಯ್ತದೆ ಮಾಸ್ಟ್ರೇ, ಹೋಗ್ಬನ್ನಿ,” ಎಂದಳು. ಹಾಗೆ ಹುಟ್ಟಿದ್ದು ಈಗ ಎಲ್ಲರೂ ಮೆಚ್ಚುವ ‘ಕೇಳಿ’ ಎಂಬ ಗುಂಡಿ.

ಅಲ್ಲಿಂದಾಚೆಗೆ ಸೋಮವಾರ ಬಂತೆಂದರೆ ಸಲಹೆ ಬಂತು. ಅವರು ಹೇಳುವುದನ್ನು ಹೇಳಿ, ಉತ್ತರ ಪಡೆದು, ಎದ್ದು, ಬಾಗಿಲವರೆಗೆ ಹೋಗಿ, ಅಲ್ಲಿಂದ ತಿರುಗಿ, “ಇನ್ನೊಂದ್ ಸಣ್ ವಿಚಾರ,” ಎನ್ನುವರು. ಆ ಸಣ್ಣ ವಿಚಾರ ಯಾವತ್ತೂ ಸಣ್ಣದಾಗಿರುತ್ತಿರಲಿಲ್ಲ. ಎಲ್ಲ ಸಲಹೆಯೂ ಜಾಣತನದ್ದಾಗಿರುತ್ತಿತ್ತು ಎಂದು ನಾನು ಹೇಳಿದರೆ ಅದು ಸ್ನೇಹದ ಸುಳ್ಳಾದೀತು. ಇನ್ನೊಬ್ಬರು ನಮಗಿಂತ ಹೆಚ್ಚಿನ ಬೆಲೆ ಕೂಗಿದಾಗ ಮೊಬೈಲಿನಲ್ಲಿ ನಗಾರಿ ಬಾರಿಸಬೇಕು ಎಂಬುದು ಅವರದೇ ಸಲಹೆ. ಮಾನಸ ತಮಾಷೆಗೆಂದು ಅದನ್ನು ಸೇರಿಸಿದಳು. ತೇಗದ ಮಂಚವೊಂದಕ್ಕೆ ಕೂಗು ಹಾಕಿದ್ದ ನಿವೃತ್ತ ಹೆಡ್ಮಾಸ್ತರರೊಬ್ಬರು ಸಾವಿನ ಮನೆಯಲ್ಲಿ ಎಲ್ಲರ ನಡುವೆ ತಲೆತಗ್ಗಿಸಿ ಕೂತಿದ್ದಾಗ ಅವರ ಜೇಬಿನಿಂದ ನಗಾರಿ ಮೊಳಗಿತು. ಮರುದಿನವೇ ಅದನ್ನು ತೆಗೆದದ್ದಾಯಿತು. “ಸದ್ದು ತಪ್ಪಾಗ್ಲಿಲ್ಲ, ಜಾಗ ತಪ್ಪಾಯ್ತು,” ಎಂಬುದಕ್ಕಿಂತ ಹೆಚ್ಚಿಗೆ ಮಾಸ್ತರರು ಒಪ್ಪಿಕೊಳ್ಳಲಿಲ್ಲ.

ಆದರೆ ‘ಬೀಗ’ದ ಸಲಹೆ ಬೇರೆ ಜಾತಿಯದು. ಹರಾಜಿನಲ್ಲಿ ಮನುಷ್ಯನ ರಕ್ತ ಕುದಿಯುತ್ತದೆ, ಕುದಿಯುವ ರಕ್ತದಲ್ಲಿ ಅವನು ತನ್ನ ಮಿತಿಯನ್ನು ತಾನೇ ಏರಿಸಿಕೊಳ್ಳುತ್ತಾನೆ, ಬೆಳಗಾದ ಮೇಲೆ ಅಳುತ್ತಾನೆ; ಆದ್ದರಿಂದ ಮಿತಿ ಏರಿಸಬೇಕಾದರೆ ಅವನೇ ಮೊದಲು ಗೊತ್ತುಮಾಡಿಟ್ಟ ಇನ್ನೊಬ್ಬರ ಮೊಬೈಲಿನಿಂದಲೂ ಒಪ್ಪಿಗೆ ಬರಬೇಕು ಎಂಬುದು ಅವರ ವಾದ. ತನ್ನ ಕೈಯನ್ನು ತಾನೇ ಕಟ್ಟಿಸಿಕೊಳ್ಳಲು ಯಾರು ಬರುತ್ತಾರೆ ಎಂದು ಮಾನಸ ಕೇಳಿದಳು. “ಒಂದ್ಸಲ ಬಿದ್ದೋರೆಲ್ಲ ಬರ್ತಾರೆ,” ಎಂದರು. ಬೇಕಾದವರಿಗೆ ಮಾತ್ರ ಎಂದು ಅದನ್ನು ಸೇರಿಸಿದಳು. ಮೊದಲು ಬೀಗ ಹಾಕಿಸಿಕೊಂಡವರು ಅವರೇ, ಬೀಗದ ಕೈ ಕೊಟ್ಟದ್ದು ಕಾಲೇಜಿಗೆ ಹೋಗುವ ಮೊಮ್ಮಗಳು ಭಾನುಪ್ರಿಯಾಳಿಗೆ.

ಇಷ್ಟೆಲ್ಲ ಹಟ ಯಾತಕ್ಕೆಂದರೆ, ಆ ಹುಡುಗಿಗಾಗಿಯೇ. ಕೆಲಸದಿಂದ ಬಿಡುಗಡೆಯಾದ ಮೇಲೆ ಮಾಸ್ತರರು ತಮ್ಮ ಬೀದಿಯ ಹೆಣ್ಣುಮಕ್ಕಳನ್ನು ಕೂಡಿಸಿ ಬ್ಯಾಂಡು ಕಲಿಸತೊಡಗಿದ್ದರು. ಭಾನುಪ್ರಿಯಾ ಅದರ ಮುಂದಾಳು. ಊದಿದರೆ ತುಟಿ ಕೆಡುತ್ತದೆ, ಗಂಡು ಸಿಕ್ಕುವುದಿಲ್ಲ ಎಂದು ಹೇಳುವವರು ಹೇಳಿದರು, ಹುಡುಗಿಯರು ಊದಿದರು. ತೊಂದರೆ ಇದ್ದದ್ದು ವಾದ್ಯಗಳದ್ದು. ಗಂಡಸರ ಸೆಟ್ಟಿನಿಂದ ಎರವಲು ತಂದವು ಮದುವೆಯ ಕಾಲ ಬಂದೊಡನೆ ಹೊರಟುಹೋಗುತ್ತಿದ್ದವು. ಉಳಿಯುತ್ತಿದ್ದದ್ದು ಬಾಯಿಗಿಟ್ಟು ಊದುವ ಹಿತ್ತಾಳೆಯ ತುದಿಗಳು ಮಾತ್ರ. ಆ ತುದಿಗಳನ್ನೇ ತುಟಿಗಿಟ್ಟುಕೊಂಡು ಬೇಸಿಗೆಯುದ್ದಕ್ಕೂ ಅಷ್ಟೂ ಮಂದಿ ಜೇನುಹುಳುಗಳಂತೆ ಗುಂಯ್‌ಗುಟ್ಟುವುದನ್ನು ನಾನೇ ಕೇಳಿದ್ದೇನೆ. ಏಪ್ರಿಲ್ ಹದಿನಾಲ್ಕರ ಜಯಂತಿಯ ಮೆರವಣಿಗೆಯಲ್ಲಿ ನಾವೇ ಮುಂದೆ ನಡೆಯುತ್ತೇವೆ ಎಂದು ಅವರು ಕೇಳಿದಾಗ ಬೀದಿಯ ಹಿರಿಯರು ಕೊಟ್ಟ ಉತ್ತರವೂ ಖಚಿತವಾಗಿಯೇ ಇತ್ತು: “ಸ್ವಂತ ಸೆಟ್ಟಿದ್ರೆ ಮುಂದೆ ನಡೀಲಿ. ಇಲ್ದಿದ್ರೆ ಬ್ಯಾನರ್ ಹಿಡ್ಕೊಂಡ್ ನಡೀಲಿ.”

ಹೊಸ ವಾದ್ಯಗಳು ಕೈಗೆಟುಕುವಂತಿರಲಿಲ್ಲ. ಹಳೆಯವನ್ನು ಒಂದೊಂದಾಗಿ ಕೊಳ್ಳುವುದರಲ್ಲಿ ಇನ್ನೊಂದು ಅಪಾಯ: ಅಲ್ಲೊಂದು ಇಲ್ಲೊಂದು ಕೊಂಡ ಹಿತ್ತಾಳೆ ವಾದ್ಯಗಳ ಶ್ರುತಿ ಕೂಡುವುದಿಲ್ಲ. ಹೀಗಿರುವಾಗ ಬಯಲುಸೀಮೆಯ ಒಂದೂರಿನಲ್ಲಿ, ಎಂದೋ ಬಾಗಿಲು ಮುಚ್ಚಿದ ಬಟ್ಟೆ ಗಿರಣಿಯ ಬ್ಯಾಂಡಿನ ವಾದ್ಯಗಳು ಹರಾಜಿಗೆ ಬಂದವು. ಎಲ್ಲವೂ ಒಂದೇ ಕಡೆ ತಯಾರಾದವು, ಒಂದೇ ಶ್ರುತಿಯವು. ಫೋಟೋ ನೋಡಿದ ಮಾಸ್ತರರು ಅಂದು ಸೋಮವಾರವಲ್ಲದಿದ್ದರೂ ಬಂದರು. ವಾದ್ಯಗಳು ಬಿಡಿಬಿಡಿಯಾಗಿ, ಒಂದಾದ ಮೇಲೊಂದರಂತೆ ಹರಾಜಾಗುವುದಿತ್ತು; ಮೊದಲನೆಯದು ದೊಡ್ಡ ಬಾಸು, ಊದುವವನನ್ನೇ ಮುಚ್ಚಿಬಿಡುವಷ್ಟು ದೊಡ್ಡ ಬಾಯಿಯದು. “ಬಾಸಿಲ್ದಿದ್ರೆ ಬ್ಯಾಂಡ್‌ಗೆ ನೆಲಾನೇ ಇಲ್ಲ. ಬಾಸು ಕೈತಪ್ಪಿದ್ರೆ ಮಿಕ್ಕಿದ್ದಕ್ ನಂಗೆ ಕೂಗೇ ಬ್ಯಾಡ. ಅಂಗೊಂದು ಮಾಡ್ಕೊಡು,” ಎಂದರು. ಮಾನಸ ‘ಜೊತೆ’ ಎಂಬುದನ್ನು ಮಾಡಿಕೊಟ್ಟಳು: ಮೊದಲನೆಯದು ಸೋತರೆ ಉಳಿದ ಕೂಗುಗಳೆಲ್ಲ ತಾವಾಗಿ ನಿಲ್ಲುತ್ತವೆ. ಮತ್ತೆ ಅವನ್ನು ಎಬ್ಬಿಸಬೇಕಾದರೆ ಕೂಗಿದವರೂ ಬೀಗದ ಕೈ ಹಿಡಿದವರೂ ಇಬ್ಬರೂ ಒತ್ತಬೇಕು. ಅದೂ ಅವರ ಸಲಹೆಯೇ.

ಇನ್ನು ವೀಳ್ಯದ ಮಾತು. ಮೈಸೂರಿನ ಬ್ಯಾಂಡಿನವರಲ್ಲಿ ಒಂದು ಕಟ್ಟುಪಾಡಿದೆ: ಒಂದು ಮದುವೆಗೆ ಒಬ್ಬ ಮಾಸ್ತರ ವೀಳ್ಯ ಹಿಡಿದನೆಂದರೆ, ಇನ್ನೊಬ್ಬ ಅದೇ ಮನೆಗೆ ಕಡಿಮೆ ದರ ಹೇಳಿಕೊಂಡು ಹೋಗುವಂತಿಲ್ಲ. ಒಬ್ಬರ ಅನ್ನವನ್ನು ಒಬ್ಬರು ಕಿತ್ತುಕೊಳ್ಳದಂತೆ ಹಿಂದಿನವರು ಮಾಡಿಕೊಂಡ ಏರ್ಪಾಡು. ಗಾಂಧಿನಗರದಲ್ಲಿ ಹುಚ್ಚಣ್ಣ ಎಂಬ ಇನ್ನೊಬ್ಬ ಬ್ಯಾಂಡ್ ಮಾಸ್ತರರಿದ್ದಾರೆ. ದಪ್ಪ ಮೈ, ದಪ್ಪ ನಗು, ಸಣ್ಣಮಾದಯ್ಯನವರ ಹಳೆಯ ಎದುರಾಳಿ. ಅವರ ಸೆಟ್ಟಿಗೂ ಒಂದು ಬಾಸು ಬೇಕಾಗಿತ್ತು, ಅವರ ಮೊಬೈಲಿನಲ್ಲೂ ‘ಕೂಗು’ ಇತ್ತು. ಮಾಸ್ತರರು ತಟ್ಟೆಯಲ್ಲಿ ಎಲೆಅಡಿಕೆ ಇಟ್ಟುಕೊಂಡು ಹೋಗಿ, ಈ ಗಿರಣಿಯ ವಾದ್ಯಗಳಿಗೆ ನೀನು ಕೂಗಬೇಡವೆಂದು ಕೇಳಿದರು. ಹುಚ್ಚಣ್ಣ ವೀಳ್ಯ ಹಿಡಿದು ಒಪ್ಪಿದರು. ಅಷ್ಟಕ್ಕೇ ಬಿಟ್ಟಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ತಮಗೆ ಒಳ್ಳೆಯದೆನಿಸಿದ್ದು ಎಲ್ಲರಿಗೂ ಸಿಗಬೇಕೆಂಬುದು ಸಣ್ಣಮಾದಯ್ಯನವರ ಪುರಾತನ ಕಾಯಿಲೆ. ಸೋಮವಾರ ಬೆಳಿಗ್ಗೆ ಅದೇ ತಟ್ಟೆಯೊಂದಿಗೆ ಮಾನಸಳ ಮೇಜಿನ ಮುಂದಿದ್ದರು.

“ವೀಳ್ಯ ಅಂತ ಒಂದ್ ಗುಂಡಿ ಮಡಗು ಕಣಮ್ಮ. ಒಬ್ರು ಒತ್ತಿದ್ರೆ ಮಿಕ್ಕೋರ್ಗೆ ತಿಳೀಲಿ. ಮರ್ಯಾದಸ್ತರು ತಾವಾಗೇ ಸರೀತಾರೆ.”

ಮಾನಸ ತಟ್ಟೆಯನ್ನು ಅವರತ್ತ ಮೆಲ್ಲಗೆ ಸರಿಸಿದಳು. ಮಂಡ್ಯ ಕಡೆಯ ರೈತರ ಮನೆಯ ಹುಡುಗಿ. ಮಾತು ಮೆದು, ಮನಸ್ಸು ಗಟ್ಟಿ. “ಆಗಲ್ಲ,” ಎಂದಳು.

“ಯಾಕೆ?”

“ನಮ್ಮಪ್ಪ ಬೆಲ್ಲ ಹಾಕ್ಕೊಂಡು ಮಂಡಿಗೆ ಹೋಗೋರು ಮಾಸ್ಟ್ರೇ. ಹರಾಜಿಗ್ ಮುಂಚೆ ವ್ಯಾಪಾರಸ್ಥರು ಒಟ್ಟಿಗೆ ಕೂತು ಕಾಫಿ ಕುಡಿಯೋರು. ಇವತ್ತು ಈ ಗಾಡಿ ನಿಂದು, ಆ ಗಾಡಿ ನಂದು ಅಂತ. ಆಮೇಲೆ ಕೂಗಿದ್ರೆ ಯಾರೂ ಏರಿಸ್ತಿರ್ಲಿಲ್ಲ. ಅವರೂ ಒಬ್ಬರಿಗೊಬ್ರು ಬಹಳ ಮರ್ಯಾದಸ್ತರೇ. ನಮ್ಮಪ್ಪ ಬರಿಗೈಲಿ ಬರೋರು.”

ಮಾಸ್ತರರ ಮುಖ ಕೋಟಿಗಿಂತ ಕೆಂಪಾಯಿತು. “ನಮ್ ಹಿರೀಕ್ರು ಮಾಡಿದ್ದನ್ನ ಕಳ್ಳತನ ಅಂತೀಯ?”

“ಮದುವೆಗೆ ಅಲ್ಲ. ಹರಾಜಿಗೆ ತಂದ್ರೆ, ಹೌದು.”

ಅವರು ತಟ್ಟೆ ಎತ್ತಿಕೊಂಡು ಎದ್ದರು. ಬಾಗಿಲಲ್ಲಿ ತಿರುಗಿ ನಿಲ್ಲಲಿಲ್ಲ, ಇನ್ನೊಂದು ಸಣ್ಣ ವಿಚಾರವೆನ್ನಲಿಲ್ಲ. ಹುಡುಗಿ ಹೇಳಿದ್ದು ನ್ಯಾಯವೆಂದು ಗೊತ್ತಿದ್ದೂ ನನಗೆ ಇನ್ನಷ್ಟು ಮೆತ್ತಗೆ ಹೇಳಬಹುದಿತ್ತೆನಿಸಿತು. ಹಾಗೆ ಹೇಳಿದೆ ಕೂಡ. “ಮೆತ್ತಗೆ ಹೇಳಿದ್ರೆ ಅದು ‘ನೋಡೋಣ’ ಆಗ್ತಿತ್ತು ಸಾರ್,” ಎಂದಳು.

ಮಾಸ್ತರರು ಮನೆಗೆ ಹೋಗಿ ಮಾಡಿದ ಮೊದಲ ಕೆಲಸ, ತಾವೇ ಹಟ ಹಿಡಿದು ಮಾಡಿಸಿದ ‘ಕೇಳಿ’ ಗುಂಡಿಯನ್ನು ಒತ್ತಿದ್ದು. ವಾದ್ಯ ಮಾರುತ್ತಿರುವವರು ಯಾರು ಎಂದು ಕೇಳಿದರು. ಕೆಲವು ದಿನಗಳಲ್ಲಿ ಉತ್ತರ ಬಂತು. ಗಿರಣಿ ಮುಚ್ಚಿದಾಗ ಬ್ಯಾಂಡಿನ ವಾದ್ಯಗಳು ಕಾರ್ಮಿಕರ ಸಂಘದ ಪಾಲಿಗೆ ಬಂದಿದ್ದವು; ಊದುತ್ತಿದ್ದ ಮಗ್ಗದ, ನೂಲಿನ, ಬಣ್ಣದ ವಿಭಾಗದ ಕೆಲಸಗಾರರು ಈಗ ಮುದುಕರು; ಅವರ ಔಷಧದ ಖರ್ಚಿಗಾಗಿ ಮಾರುತ್ತಿದ್ದೇವೆ, ವಾದ್ಯಗಳನ್ನು ಈಗಲೂ ವಾರಕ್ಕೊಮ್ಮೆ ಒರೆಸಿಡುತ್ತೇವೆ ಎಂದಿತ್ತು. ಸೋಮಮ್ಮನವರು ಹೇಳುವಂತೆ ಆ ದಿನ ಮಾಸ್ತರರು ಅನ್ನ ಮುಟ್ಟದೆ, ಕೋಟು ತೊಟ್ಟು, ಗಾಂಧಿನಗರಕ್ಕೆ ಹೊರಟರು.

ಕೊಟ್ಟ ವೀಳ್ಯವನ್ನು ಹಿಂದಕ್ಕೆ ಕೇಳುವುದು ಬ್ಯಾಂಡಿನವರಲ್ಲಿ ಎದುರಿಗೆ ನಿಂತು ಬಯ್ದದ್ದಕ್ಕಿಂತ ಹೆಚ್ಚು. ಹುಚ್ಚಣ್ಣ ಮೊದಲು ನಕ್ಕರು, ಆಮೇಲೆ ಸಿಟ್ಟಾದರು, ಕೊನೆಗೆ ಅರ್ಥವಾಗದೆ ಕೂತರು. “ನಾನ್ ಒಪ್ಕೊಂಡಾಯ್ತಲ್ಲ ಮಾದಣ್ಣ, ಇನ್ನೇನ್ ಬೇಕು ನಿಂಗೆ?”

“ಆ ಬಾಸ್ ಊದ್ದೋನ್ ಕೈಗೇ ಓಯ್ತದೆ ಕಣಯ್ಯ ಈ ದುಡ್ಡು. ಅವ್ನೂ ನಮ್ಮಂಗೇ ದುಡ್ದೋನು. ನಾವಿಬ್ರೂ ಮಾತಾಡ್ಕೊಂಡು ಅವನ್ ಬೆಲೆ ಇಳ್ಸದು ಬ್ಯಾಡ. ನೀನೂ ಕೂಗು.”

“ನಾನ್ ಕೂಗಿದ್ರೆ ನಿನ್ ಹುಡ್ಗೀರ್ಗೆ ಸಿಕ್ಕಕಿಲ್ಲ.”

“ಸಿಕ್ಕಿದ್ರೆ ಕೂಗಿ ಗೆದ್ದೇ ಸಿಕ್ಲಿ,” ಎಂದು ಹೇಳಿ ಮಾಸ್ತರರು ಎಡಗಾಲು ಮುಂದಿಟ್ಟು ಹೊರಬಂದರು.

ಹರಾಜು ಮಾರ್ಚಿನ ಒಂದು ಶನಿವಾರ ಮಧ್ಯಾಹ್ನ. ಮನೆಯಲ್ಲಿ ಕೂರಲಾರದೆ ತಾತ ಮೊಮ್ಮಗಳಿಬ್ಬರೂ ಕುವೆಂಪುನಗರದ ಮಹಡಿಗೆ ಬಂದರು. ಭಾನುಪ್ರಿಯಾ ಕಾಲೇಜಿನ ಸಮವಸ್ತ್ರದಲ್ಲೇ ಇದ್ದಳು. ಬೀದಿಯ ಹೆಂಗಸರ ಸಂಘ ಕೊಟ್ಟದ್ದೂ ತಾವು ಉಳಿಸಿದ್ದೂ ಸೇರಿ ಎಲ್ಲಿಯವರೆಗೆ ಹೋಗಬಹುದೋ ಅಷ್ಟನ್ನು ಒಂದೊಂದು ವಾದ್ಯಕ್ಕೂ ಹಂಚಿ ಮಾಸ್ತರರು ಮಿತಿ ಇಟ್ಟಿದ್ದರು. ಬಾಸಿನ ಬೆಲೆ ಏರಿತು. ‘ಕೂಗು’ ಏರಿಸಿತು, ಎದುರಿನವರು ಏರಿಸಿದರು. ಒಬ್ಬೊಬ್ಬರಾಗಿ ಎಲ್ಲರೂ ಬಿಟ್ಟು ಕೊನೆಗೆ ಇಬ್ಬರು ಉಳಿದರು, ಆಮೇಲೆ ಪರದೆಯ ಮೇಲೆ ‘ನಿಮ್ಮ ಮಿತಿ ಮುಟ್ಟಿದೆ’ ಎಂದು ಬಂತು. ಮಾಸ್ತರರು ಏರಿಸಲು ಒತ್ತಿದರು. ಭಾನುಪ್ರಿಯಾಳ ಕೈಯಲ್ಲಿದ್ದ ಮೊಬೈಲು ಒಪ್ಪಿಗೆ ಕೇಳಿ ಮಿನುಗಿತು.

“ಒತ್ತು ಮಗಾ.”

“ಒತ್ತಿದ್ರೆ ಆ ದುಡ್ಡು ಎಲ್ಲಿಂದ ಬರ್ತದೆ ತಾತ?”

ಮಾಸ್ತರರು ಪರದೆಯನ್ನು ಇನ್ನೊಮ್ಮೆ ಒತ್ತಿದರು.

“ನಿಮ್ ಯುಫೋನಿಯಂ ಮಾರಕ್ಕೆ ಮಾತಾಡಿದ್ದೀರಂತೆ. ಅಜ್ಜಿ ಹೇಳ್ತು,” ಎಂದಳು ಹುಡುಗಿ. ಬಾಸಿನ ತಮ್ಮನಂತಿರುವ ಆ ಹಿತ್ತಾಳೆ ವಾದ್ಯ ಅವರ ಪ್ರಾಣ. ಪ್ರಾಯದಿಂದ ಊದಿದ್ದು ಅದೊಂದನ್ನೇ. “ನಮಗೆ ಬಾಸ್ ತಂದು ನೀವ್ ಬರಿಗೈಲಿ ನಿಂತ್ಕೊಂಡ್ ಕಲಿಸೋದು ಬ್ಯಾಡ.”

“ಅದು ನನ್ ವಿಚಾರ.”

“ಬೀಗದ ಕೈ ಕೊಟ್ಟೋರು ನೀವೇ ಅಲ್ವಾ?” ಎಂದವಳೇ ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿದಳು.

ಬಾಸು ಹೋಯಿತು. ಅದು ಹೋದದ್ದೇ, ಅವರು ಕೇಳಿ ಮಾಡಿಸಿಕೊಂಡಿದ್ದಂತೆಯೇ, ಉಳಿದ ವಾದ್ಯಗಳ ಮುಂದೆ ಸಾಲಾಗಿ ‘ಕೂಗು ನಿಂತಿದೆ’ ಎಂದು ಮೂಡುತ್ತ ಬಂತು. ಆ ಕನ್ನಡ ನನ್ನದು. ತಿದ್ದಿ ತೀಡಿ, ಮೆಚ್ಚಿಕೊಂಡು ಬರೆದದ್ದು. ಅಷ್ಟು ನಿರ್ದಯವಾದ ವಾಕ್ಯವನ್ನು ನಾನು ಇನ್ನೊಮ್ಮೆ ಬರೆದಿರಲಾರೆ. ಮಾನಸ ನನ್ನ ಮುಖ ನೋಡಿದಳು, ನಾನು ಕಿಟಕಿಯತ್ತ ನೋಡಿದೆ.

ಭಾನುಪ್ರಿಯಾ ಮೊಬೈಲನ್ನು ಎತ್ತಿಕೊಂಡಳು. ಕಾರ್ನೆಟ್ಟುಗಳ ಸರದಿ ಬರಲು ಇನ್ನೂ ಸ್ವಲ್ಪ ಸಮಯವಿತ್ತು. ಅವಳು ತನ್ನ ಕಡೆಯಿಂದ ಒಪ್ಪಿಗೆ ಒತ್ತಿ, “ಮಿಕ್ಕಿದ್ದು ಎಬ್ಬಿಸಿ ತಾತ,” ಎಂದಳು.

“ಅರ್ಧ ಬ್ಯಾಂಡು ಬ್ಯಾಂಡಲ್ಲ ಮಗಾ.”

“ಅರ್ಧ ಇದ್ರೆ ಇನ್ನರ್ಧ ಕೊಡಿ ಅಂತ ಕೇಳ್ಬೋದು. ಏನೂ ಇಲ್ದಿದ್ರೆ ಏನಂತ ಕೇಳ್ತೀರ?”

ಆಗ ನಾನೊಂದು ಅಪೂರ್ವವನ್ನು ಕಂಡೆ. ಸಣ್ಣಮಾದಯ್ಯನವರು ಕೋಟಿನ ಕತ್ತಿನ ಗುಂಡಿಯನ್ನು ಬಿಚ್ಚಿದರು. ಒಂದು ದೊಡ್ಡ ಉಸಿರು ಬಿಟ್ಟು, ಯುಫೋನಿಯಂನ ಗುಂಡಿಗಳನ್ನು ಒತ್ತಿ ಒತ್ತಿ ಚಪ್ಪಟೆಯಾದ ಆ ಬೆರಳಿನಿಂದ ಪರದೆಯನ್ನು ಒತ್ತಿದರು. ಮಿತಿಯೊಳಗಿನ ದುಡ್ಡಿನಲ್ಲಿ ಕಾರ್ನೆಟ್ಟುಗಳು ಬಂದವು, ಟ್ರಂಬೋನುಗಳು ಬಂದವು, ಮಿಕ್ಕವೂ ಬಂದವು. ಬಾಸೊಂದು ಬಿಟ್ಟು.

ಅವರು ಮೆಟ್ಟಿಲಿಳಿಯುವ ಮೊದಲೇ ಫೋನು ಬಂತು. ಕೊಂಡವರ ಹೆಸರನ್ನು ಹರಾಜಿನವರು ಹೇಳುವುದಿಲ್ಲ, ಆದರೆ ಹುಚ್ಚಣ್ಣ ಮುಚ್ಚಿಡುವ ಪೈಕಿಯಲ್ಲ. “ಬಾಸ್ ನಾನೇ ತಗಂಡೆ ಮಾದಣ್ಣ. ಕೂಗು ಅಂದೋನು ನೀನೇ,” ಎಂದು ಆ ಕಡೆಯ ದಪ್ಪ ದನಿ ನಮಗೂ ಕೇಳಿಸಿತು. “ಅಂದಿದ್ದೆ. ತಪ್ಪೇನಿಲ್ಲ ಬುಡು. ಚೆನ್ನಾಗ್ ಊದು,” ಎಂದು ಮಾಸ್ತರರು ಫೋನಿಟ್ಟರು. ಅಂದು ಅವರು ಯಾವ ಕಾಲನ್ನು ಮೊದಲಿಟ್ಟು ಹೊರಗೆ ಹೋದರೋ ನಾನೂ ಗಮನಿಸಲಿಲ್ಲ.

ವಾದ್ಯಗಳು ಬಂದವು, ನಿಜಕ್ಕೂ ಒರೆಸಿಟ್ಟು ಥಳಥಳಿಸುತ್ತಿದ್ದವು. ಹುಡುಗಿಯರು ಬೆಳಿಗ್ಗೆ ಕಾಲೇಜಿಗೆ ಮುಂಚೆ, ಸಂಜೆ ದೀಪ ಹಚ್ಚುವ ಮುಂಚೆ ಊದಿದರು. ಶ್ರುತಿ ಕೂಡಿತು, ಆದರೆ ಕೆಳಗಿನ ದನಿ ಇಲ್ಲದೆ ಎಲ್ಲ ಗಾಳಿಯಲ್ಲಿ ತೇಲಿದಂತಿತ್ತು. ಸ್ವಂತ ಸೆಟ್ಟೆಂದರೆ ಪೂರ್ತಿ ಸೆಟ್ಟು ಎಂದು ಹಿರಿಯರು ಆಗಲೇ ತಲೆ ಕೆರೆದುಕೊಳ್ಳತೊಡಗಿದ್ದರು. ಜಯಂತಿಗೆ ವಾರವಿರುವಾಗ ಮಾಸ್ತರರು ಮತ್ತೆ ಎಲೆಅಡಿಕೆ ತಟ್ಟೆ ಹಿಡಿದರು. ಈ ಸಲ ನನ್ನನ್ನೂ ಕರೆದುಕೊಂಡು ಹೋದರು, ಸಾಕ್ಷಿಗೋ ಧೈರ್ಯಕ್ಕೋ ಹೇಳಲಿಲ್ಲ.

ಹುಚ್ಚಣ್ಣ ಬಾಸನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯ ಮೇಲೆ ಕೂತಿದ್ದರು. ತಟ್ಟೆ ನೋಡಿ, “ಮತ್ತೇನಪ್ಪ ಇದು, ಕೊಡೋದು ಈಸ್ಕೊಳ್ಳೋದು?” ಎಂದರು.

“ಹೋದ್ಸಲ ಕೊಡಬಾರದ್ದಕ್ ಕೊಟ್ಟಿದ್ದೆ. ಇದು ವೀಳ್ಯ ಕೊಡೋ ಕೆಲ್ಸಾನೇ. ಜಯಂತಿ ದಿನ ನನ್ ಹುಡ್ಗೀರ್ ಜೊತೆ ಊದಕ್ ಬಾ. ಆ ಬಾಸಿಗೂ ಅವಕ್ಕೂ ಒಂದೇ ಶ್ರುತಿ. ನಿನ್ ಸೆಟ್ಟಲ್ ಎಂಗೂ ಯಾರ್ ಶ್ರುತೀನೂ ಯಾರ್ಗೂ ಸೇರಕಿಲ್ಲ.”

“ಹೆಣ್ಮಕ್ಳು ಸೆಟ್ಟಲ್ಲಿ ನಾನಾ?”

“ಕಡೇ ಸಾಲಲ್ಲಿ.”

ಹುಚ್ಚಣ್ಣ ಮೀಸೆ ಸವರಿಕೊಂಡರು. “ನೋಡೋಣ ಮಾದಣ್ಣ.”

ನಾನು ಕಣ್ಣು ಮುಚ್ಚಿಕೊಂಡೆ. ಮಾಸ್ತರರು ಹಿಮ್ಮಡಿ ಕೂಡಿಸಿ, ಕತ್ತಿನ ಗುಂಡಿ ಸರಿಯಾಗಿದೆಯೇ ಎಂದು ಮುಟ್ಟಿ ನೋಡಿಕೊಂಡು, “ನೋಡೋಣ ಅನ್ಬೇಡ. ಆಯ್ತದೆ, ಆಗಲ್ಲ, ಈಗಾಗಲ್ಲ,” ಎಂದು ಅಲ್ಲೇ ಜಗಲಿಯ ಮೇಲೆ ಕೂತರು. ಎಷ್ಟು ಹೊತ್ತು ಕೂರಬಲ್ಲರೆಂಬುದು ನನಗೆ ಗೊತ್ತಿತ್ತು, ಹುಚ್ಚಣ್ಣನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅವರು ಬಾಸನ್ನು ಪಕ್ಕಕ್ಕಿಟ್ಟು ಎರಡೂ ಕೈ ಚಾಚಿ ತಟ್ಟೆ ತೆಗೆದುಕೊಂಡರು.

ಏಪ್ರಿಲ್ ಹದಿನಾಲ್ಕರಂದು ಅಶೋಕಪುರಂನ ರಸ್ತೆಯ ಬದಿಯಲ್ಲಿ ಮಾನಸಳೂ ನಾನೂ ನಿಂತಿದ್ದೆವು. ಮೆರವಣಿಗೆಯ ಮುಂದೆ ಭಾನುಪ್ರಿಯಾ, ಅವಳ ಹಿಂದೆ ಬಿಳಿ ಅಂಗಿ ತೊಟ್ಟ ಹುಡುಗಿಯರ ಸಾಲುಗಳು, ಕಟ್ಟಕಡೆಯಲ್ಲಿ ಬೆವರು ಸುರಿಸುತ್ತ, ಹಿತ್ತಾಳೆಯ ದೊಡ್ಡ ಬಾಯಿಯ ಹಿಂದೆ ಅರ್ಧ ಮರೆಯಾಗಿ ಹುಚ್ಚಣ್ಣ. ಅಷ್ಟೂ ಮಂದಿ ಒಂದೇ ಸಲಕ್ಕೆ ಎಡಗಾಲೆತ್ತಿದರು. ಬಾಸಿನ ಮೊದಲ ದನಿ ಕಿವಿಗಿಂತ ಮೊದಲು ಅಂಗಾಲಿಗೆ ತಾಗಿತು. ಮಾಸ್ತರರು ಸಾಲಿನೊಳಗೆ ಇರಲಿಲ್ಲ. ರಸ್ತೆಯ ಅಂಚಿನಲ್ಲಿ, ಜನರ ನಡುವೆ ದಾರಿ ಮಾಡಿಕೊಂಡು, ಅದೇ ಹೆಜ್ಜೆಗೆ ಹೆಜ್ಜೆ ಹಾಕುತ್ತ ನಡೆಯುತ್ತಿದ್ದರು. ಅವರ ಕಣ್ಣು ಒದ್ದೆಯಾಗಿತ್ತು. ನನ್ನದೂ ಒದ್ದೆಯಾಗಿತ್ತು, ಅದನ್ನು ಬಿಸಿಲಿನ ಮೇಲೆ ಹಾಕಿದೆ.

ಮುಂದಿನ ಸೋಮವಾರ ಬಾಗಿಲಲ್ಲಿ ಹಿಮ್ಮಡಿಗಳ ಸದ್ದಾಯಿತು. ದುಡ್ಡು ಸಾಲದ ಇಬ್ಬರು ಕೂಡಿಕೊಂಡು, ಮಾರುವವರಿಗೂ ತಿಳಿಯುವಂತೆ, ಬಹಿರಂಗವಾಗಿ ಒಂದೇ ಕೂಗು ಹಾಕುವಂತಿರಬೇಕು ಎಂಬುದು ಹೊಸ ಸಲಹೆ. ಮಾನಸ “ನೋ...” ಎಂದು ತೊಡಗಿ, ನಾಲಗೆ ಕಚ್ಚಿಕೊಂಡು, ಯೋಚಿಸಿ, “ಈಗಾಗಲ್ಲ ಮಾಸ್ಟ್ರೇ,” ಎಂದಳು. ಅವರು ತೃಪ್ತರಾಗಿ ತಲೆಯಾಡಿಸಿ ಎದ್ದರು.

ಇಂಥವರು ಪ್ರತಿ ಊರಿನಲ್ಲೂ ಇರುತ್ತಾರೆ. ಬಸ್ಸಿನ ಮೆಟ್ಟಿಲು ತಗ್ಗಿಸಿ ಎನ್ನುವವರು, ಆಸ್ಪತ್ರೆಯ ಸಾಲಿಗೆ ಬೆಂಚು ಹಾಕಿ ಎನ್ನುವವರು. ಅವರು ಬರುವುದನ್ನು ಕಂಡರೆ ನಾವು ಫೋನಿನಲ್ಲಿ ಮಾತಾಡುತ್ತಿರುವಂತೆ ನಟಿಸುತ್ತೇವೆ. ಅವರ ಸಲಹೆಗಳಲ್ಲಿ ಅರ್ಧ ನಗಾರಿಯಂತೆ ಕೆಲಸಕ್ಕೆ ಬಾರವು, ಒಂದೆರಡು ತಪ್ಪೂ ಹೌದು. ತಪ್ಪೆಂದು ತಿಳಿದ ದಿನ ಅದನ್ನು ತಾವೇ ಹೊತ್ತುಕೊಂಡು ಹೋಗಿ ಹಿಂದಕ್ಕೆ ಪಡೆಯುತ್ತಾರೆ. ಆದರೆ ಇದು ಹೀಗೇ ಇರುವುದೆಂದು ಯಾರಾದರೂ ಹೇಳಿದರೆ ಮಾತ್ರ ಅವರು ನಂಬುವುದಿಲ್ಲ. ಮನುಷ್ಯರು ಕೂತು ಮಾಡಿದ್ದನ್ನು ಮನುಷ್ಯರು ಕೂತು ತಿದ್ದಬಹುದು ಎಂಬುದಷ್ಟೇ ಅವರ ಧರ್ಮ. ಕೆಲವರ ಹಿರಿಯರು ಬಾಗಿಲ ಹೊರಗೇ ನಿಂತು ಕಾಯಬೇಕಾಗಿದ್ದ ಕಾಲವನ್ನು ನೆನೆದರೆ, ಕೋಟು ತೊಟ್ಟು ಒಳಗೆ ಬಂದು, ಕುರ್ಚಿಯಲ್ಲಿ ಕೂತು, ನೇರವಾದ ಉತ್ತರ ಕೊಡಿ ಎನ್ನುವುದು ಎಷ್ಟು ದೂರದ ನಡಿಗೆಯೆಂದು ತಿಳಿಯುತ್ತದೆ. ಅಷ್ಟು ದೂರ ನಡೆದು ಬಂದವರು ಒಳಗಿಡುವಾಗ ಯಾವ ಕಾಲನ್ನಿಟ್ಟರೆ ನಮಗೇನು ಎಂದುಕೊಳ್ಳುತ್ತಿರುವಾಗಲೇ ಬಾಗಿಲಲ್ಲಿ ಕೆಂಪು ಕೋಟು ತಿರುಗಿ ನಿಂತಿತು.

“ಇನ್ನೊಂದ್ ಸಣ್ ವಿಚಾರ,” ಎಂದರು ಸಣ್ಣಮಾದಯ್ಯನವರು.